ನಾರ್ವೆಯ ಮನೆ ವಾಫಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ವೆಯ ಬರ್ಗೆನ್ ಊರಿನಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದ ಮೇಲೆ, ನಮ್ಮ ಮನೆಯಲ್ಲಿ ವಾಫಲ್ ತಿಂದವರು ಊಟದ ಮೇಜಿನ ಮೇಲೂ ಆಮೇಲೆ ಫೋನಿನಲ್ಲೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಒಂದೇ ಮಾತಿನ ಉತ್ತರ ಸಾಕು, ಕೆಲವಕ್ಕೆ ಸಾಲದು.

ನಾರ್ವೆಯ ವಾಫಲ್ ಎಂದರೆ ಯಾವುದು? ನಮ್ಮ ಅಂಗಡಿಗಳಲ್ಲಿ ಸಿಗುವ ವಾಫಲ್‌ಗಿಂತ ಅದು ಹೇಗೆ ಬೇರೆ?

ಬೆಂಗಳೂರಿನ ಅಂಗಡಿಗಳಲ್ಲಿ ಚಾಕೊಲೇಟ್ ಸುರಿದು ಕೊಡುವ ದಪ್ಪ, ಆಳವಾದ ಗುಳಿಗಳ ವಾಫಲ್ ಬೆಲ್ಜಿಯಂ ಕಡೆಯದು. ಅದು ಹೊರಗೆ ಗರಿಗರಿಯಾಗಿರಬೇಕು, ತಟ್ಟೆಯಲ್ಲಿಟ್ಟರೆ ಹಲಗೆಯ ಹಾಗೆ ನೇರವಾಗಿ ನಿಲ್ಲಬೇಕು. ನಾರ್ವೆಯದು ಇದಕ್ಕೆ ತದ್ವಿರುದ್ಧ. ಅದು ತೆಳು, ಮೆತ್ತಗೆ, ಕೈಯಲ್ಲಿ ಹಿಡಿದರೆ ಬಾಗುತ್ತದೆ. ಐದು ಹೃದಯಗಳು ತಮ್ಮ ಚೂಪು ತುದಿಗಳನ್ನು ನಡುವಿಗೆ ಸೇರಿಸಿ ಮಲಗಿದಂತಿರುವ ದುಂಡು ಹೂವಿನ ಆಕಾರ ಅದಕ್ಕೆ. ಒಂದೊಂದು ಹೃದಯವನ್ನೂ ಕೈಯಿಂದ ಬಿಡಿಸಿ, ಮೇಲೆ ಏನಾದರೂ ಹಚ್ಚಿ, ಮಡಚಿ ತಿನ್ನುತ್ತಾರೆ. ಚಾಕು, ಮುಳ್ಳುಚಮಚಗಳ ಗೊಡವೆ ಇಲ್ಲ. ಅಂಗಡಿಯ ವಾಫಲನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಮಾಡಲು ಹೊರಟವರಿಗೆ ಮೊದಲ ದಿನವೇ ನಿರಾಸೆಯಾಗುತ್ತದೆ. ಸೆಟ್ ದೋಸೆಯನ್ನು ನೆನಪಿಸಿಕೊಂಡು ಹೊರಟವರಿಗೆ ಆಗುವುದಿಲ್ಲ.

ಇದು ಅವರ ಬೆಳಗಿನ ತಿಂಡಿಯೇ?

ಅಲ್ಲ. ನಾರ್ವೆಯವರ ಬೆಳಗಿನ ತಿಂಡಿ ಬ್ರೆಡ್ಡು, ಅದರ ಮೇಲೊಂದಿಷ್ಟು ಚೀಸು ಅಥವಾ ಮೀನು. ವಾಫಲ್ ಮಧ್ಯಾಹ್ನದ ಮೇಲಿನ ಕಾಫಿಯ ಜೊತೆಗಿನದು. ನೆಂಟರು ಬಂದಾಗಿನದು, ಭಾನುವಾರದ ನಡಿಗೆಯಿಂದ ಮರಳಿದ ಮೇಲಿನದು. ಎಷ್ಟೋ ಕಚೇರಿಗಳಲ್ಲಿ ಶುಕ್ರವಾರ ಮಧ್ಯಾಹ್ನ ಯಾರಾದರೊಬ್ಬರು ಅಚ್ಚನ್ನು ಬಿಸಿಗಿಟ್ಟರೆ, ಏಲಕ್ಕಿಯೂ ಬೆಣ್ಣೆಯೂ ಕೂಡಿದ ಪರಿಮಳ ಇಡೀ ಮಹಡಿಗೆ ಹರಡಿ ವಾರ ಮುಗಿಯಿತೆಂದು ಸಾರುತ್ತದೆ.

ಮನೆಯ ಹೊರಗೂ ವಾಫಲ್ ಎಲ್ಲೆಡೆ ಇದೆ. ಮೇ 17ರ ಸಂವಿಧಾನ ದಿನದಂದು ಶಾಲೆಯ ಅಂಗಳದಲ್ಲಿ, ಮಕ್ಕಳ ಫುಟ್‌ಬಾಲ್ ಪಂದ್ಯದ ಬದಿಯಲ್ಲಿ, ಕಾಡಿನೊಳಗಿನ ಚಾರಣಿಗರ ತಂಗುಮನೆಗಳಲ್ಲಿ ಅದನ್ನು ಕಾಣಬಹುದು. ಊರವರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಸಾಮೂಹಿಕ ಕೆಲಸಕ್ಕೆ ಅಲ್ಲಿ ‘ದುಗ್ನಾಡ್’ ಎನ್ನುತ್ತಾರೆ. ಮಲೆನಾಡಿನ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಶಾಲೆಯ ವಾದ್ಯತಂಡಕ್ಕೆ ಹಣ ಕೂಡಿಸಬೇಕಾದರೆ ತಾಯ್ತಂದೆಯರು ಸರದಿಯಂತೆ ನಿಂತು ವಾಫಲ್ ಸುಟ್ಟು ಮಾರುವುದೂ ದುಗ್ನಾಡಿನ ಲೆಕ್ಕಕ್ಕೇ ಸೇರುತ್ತದೆ. 1864ರಲ್ಲಿ ಬರ್ಗೆನ್‌ನಲ್ಲಿ ಹುಟ್ಟಿದ ನಾವಿಕರ ಚರ್ಚಿನ ಸಂಸ್ಥೆ ದೂರದ ಬಂದರುಗಳಲ್ಲಿ ತೆರೆದ ಮನೆಗಳಂತೂ ಪ್ರಾರ್ಥನೆಗೆ ಎಷ್ಟು ಹೆಸರಾಗಿವೆಯೋ ವಾಫಲಿಗೂ ಅಷ್ಟೇ ಹೆಸರಾಗಿವೆ. ಲಂಡನ್ನಿನ ರಾದರ್‌ಹೈತ್‌ನಲ್ಲಿ 1927ರಲ್ಲಿ ಕಟ್ಟಿದ ಸಂತ ಓಲಾವನ ಚರ್ಚು ಅಂಥದ್ದೊಂದು, ಸಿಂಗಪುರದಲ್ಲೂ ಒಂದಿದೆ.

ಸಾಮಗ್ರಿಗಳೇನು, ಅಳತೆ ಎಷ್ಟು?

ಮನೆಗೊಂದು ಅಳತೆ ಇದೆ, ಪ್ರತಿ ಮನೆಯವರಿಗೂ ತಮ್ಮ ಅಜ್ಜಿಯದೇ ಸರಿ. ನಾನು ಬಳಸುವ ಅಳತೆ ಹೀಗಿದೆ: ಮೊಟ್ಟೆ 4, ಸಕ್ಕರೆ 100 ಗ್ರಾಂ, ಮೈದಾ 300 ಗ್ರಾಂ, ಹಾಲು ಅರ್ಧ ಲೀಟರು, ಕರಗಿಸಿದ ಬೆಣ್ಣೆ 125 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಏಲಕ್ಕಿ ಪುಡಿ ಒಂದು ಟೀ ಚಮಚ, ಉಪ್ಪು ಕಾಲು ಚಮಚ. ಇದರಿಂದ ಐದು ಹೃದಯಗಳ 10ರಿಂದ 12 ವಾಫಲ್ ಆಗುತ್ತವೆ. ನಾಲ್ಕೈದು ಜನರಿಗೆ ಧಾರಾಳವಾಗಿ ಸಾಕು.

ಬೆಣ್ಣೆಯ ಪ್ರಮಾಣವನ್ನು ನೋಡಿ ಬೆಚ್ಚಬೇಡಿ, ಕಡಿಮೆಯನ್ನೂ ಮಾಡಬೇಡಿ. ಹಿಟ್ಟಿನೊಳಗಿನ ಬೆಣ್ಣೆಯೇ ವಾಫಲ್ ಅಚ್ಚಿನಿಂದ ಸಲೀಸಾಗಿ ಬಿಡುವಂತೆ ಮಾಡುವುದು, ಮೆತ್ತಗಿರಿಸುವುದು, ಮರುದಿನದವರೆಗೂ ಒಣಗದಂತೆ ಕಾಯುವುದು. ಸಕ್ಕರೆಯನ್ನು ಬೇಕಾದರೆ 70 ಗ್ರಾಮಿಗೆ ಇಳಿಸಬಹುದು, ಹೇಗಿದ್ದರೂ ಮೇಲೆ ಜಾಮ್ ಬೀಳುತ್ತದೆ. ಆದರೆ 150 ಗ್ರಾಮಿನ ಮೇಲೆ ಹೋದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದುತ್ತದೆ, ಅಚ್ಚಿಗೂ ಹಿಡಿಯುತ್ತದೆ.

ನಾರ್ವೆಯ ಪಾಕವಿಧಾನಗಳಲ್ಲಿ ‘ಡಿಎಲ್’ ಎಂದು ಬರೆದಿರುತ್ತದೆ. ಏನದು?

ಡೆಸಿಲೀಟರ್, ಅಂದರೆ 100 ಮಿಲಿಲೀಟರು. ಅಲ್ಲಿ ಹಿಟ್ಟನ್ನೂ ಸಕ್ಕರೆಯನ್ನೂ ಅದರಲ್ಲೇ ಅಳೆಯುತ್ತಾರೆ. ಒಂದು ಡೆಸಿಲೀಟರ್ ಮೈದಾ ಸುಮಾರು 60 ಗ್ರಾಂ ತೂಗುತ್ತದೆ, ಸಕ್ಕರೆ ಸುಮಾರು 85 ಗ್ರಾಂ. ‘ಎಸ್‌ಎಸ್’ ಎಂದರೆ 15 ಮಿಲಿಲೀಟರಿನ ದೊಡ್ಡ ಚಮಚ, ‘ಟಿಎಸ್’ ಎಂದರೆ 5 ಮಿಲಿಲೀಟರಿನ ಟೀ ಚಮಚ.

ಹಿಟ್ಟನ್ನು ಕಲಸುವ ಕ್ರಮವೇನು? ನೆನೆಯಲು ಬಿಡಲೇಬೇಕೇ?

ಮೊದಲು ಮೊಟ್ಟೆ ಮತ್ತು ಸಕ್ಕರೆಯನ್ನು ಬಣ್ಣ ತಿಳಿಯಾಗಿ ನೊರೆ ಏಳುವವರೆಗೆ ಕಡೆಯಬೇಕು. ಮೈದಾ, ಬೇಕಿಂಗ್ ಪೌಡರ್, ಏಲಕ್ಕಿ, ಉಪ್ಪುಗಳನ್ನು ಬೇರೆಯಾಗಿ ಬೆರೆಸಿಟ್ಟುಕೊಂಡು, ಅದನ್ನೂ ಹಾಲನ್ನೂ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಸೇರಿಸುತ್ತಾ ಹೋಗಬೇಕು. ಹಾಲನ್ನೆಲ್ಲ ಒಮ್ಮೆಗೇ ಸುರಿದರೆ ಗಂಟು ಕಟ್ಟುತ್ತದೆ. ಗೋಧಿ ದೋಸೆಗೆ ಕಲಸಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯಲ್ಲಿ, ಕರಗಿಸಿ ಉಗುರುಬೆಚ್ಚಗಾಗಿಸಿದ ಬೆಣ್ಣೆ. ಹಾಲು ಫ್ರಿಜ್ಜಿನಿಂದ ಆಗತಾನೇ ತೆಗೆದದ್ದಾದರೆ ಬೆಣ್ಣೆ ತಣ್ಣಗಿನ ಹಿಟ್ಟನ್ನು ಮುಟ್ಟಿದೊಡನೆ ಹರಳುಗಟ್ಟಿ ತೇಲುತ್ತದೆ, ಆದ್ದರಿಂದ ಹಾಲನ್ನು ಮುಂಚೆಯೇ ಹೊರಗಿಡುವುದು ಒಳ್ಳೆಯದು. ಮೈದಾ ಬಿದ್ದ ಮೇಲೆ ಹೆಚ್ಚು ಕಡೆಯಬಾರದು. ಕಡೆದಷ್ಟೂ ಮೈದಾದೊಳಗಿನ ಅಂಟು ಬಿಗಿಯಾಗಿ, ಮೆತ್ತಗಾಗಬೇಕಾದ ವಾಫಲ್ ರಬ್ಬರಿನಂತಾಗುತ್ತದೆ.

ನೆನೆಯಲು ಬಿಡುವುದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ: ಕನಿಷ್ಠ 20 ನಿಮಿಷ, ಸಾಧ್ಯವಾದರೆ ಅರ್ಧ ಗಂಟೆ. ಇದು ಹುದುಗು ಬರಲೆಂದು ಅಲ್ಲ. ಮೈದಾ ಹಾಲನ್ನು ಹೀರಿ ಉಬ್ಬಬೇಕು, ಕಲಸುವಾಗ ಬಿಗಿದ ಅಂಟು ಸಡಿಲಾಗಬೇಕು. ಕಲಸಿದ ತಕ್ಷಣ ತೆಳುವಾಗಿ ಕಂಡ ಹಿಟ್ಟು ಅರ್ಧ ಗಂಟೆಯಲ್ಲಿ ತಾನಾಗಿಯೇ ದಪ್ಪವಾಗುತ್ತದೆ. ಇದನ್ನು ತಿಳಿಯದೆ ಮೊದಲೇ ಇನ್ನೊಂದು ಬಟ್ಟಲು ಮೈದಾ ಸುರಿದು ಕೆಡಿಸಿಕೊಂಡವರಲ್ಲಿ ನಾನೂ ಒಬ್ಬಳು. ಸೌಟಿನಿಂದ ಎತ್ತಿ ಸುರಿದರೆ ಹಿಟ್ಟು ಪಟ್ಟಿಯಂತೆ ಇಳಿದು, ಬಿದ್ದ ಗುರುತು ಒಂದೆರಡು ಗಳಿಗೆ ನಿಂತು ಮಾಯವಾಗಬೇಕು. ನೀರು ದೋಸೆಯ ಹಿಟ್ಟಿಗಿಂತ ಬಹಳ ದಪ್ಪ, ಇಡ್ಲಿ ಹಿಟ್ಟಿಗಿಂತ ತುಸು ತೆಳು ಎಂದಿಟ್ಟುಕೊಳ್ಳಿ.

ಏಲಕ್ಕಿ ನಾರ್ವೆಯದೇ ಪದ್ಧತಿಯೇ, ಇಲ್ಲವೇ ನಾವು ಸೇರಿಸಿಕೊಂಡದ್ದೇ?

ಅದು ಅವರದೇ. ನಾರ್ವೆ, ಸ್ವೀಡನ್, ಫಿನ್ಲೆಂಡುಗಳ ಬನ್ನು, ಕೇಕು, ವಾಫಲುಗಳಲ್ಲಿ ಏಲಕ್ಕಿ ನಮ್ಮ ಪಾಯಸದಲ್ಲಿ ಇರುವಷ್ಟೇ ಸಹಜವಾಗಿ ಇರುತ್ತದೆ. ವೈಕಿಂಗರು ಕಾನ್‌ಸ್ಟಾಂಟಿನೋಪಲಿನಿಂದ ಅದನ್ನು ಹೊತ್ತು ತಂದರೆಂಬ ಕಥೆ ಎಲ್ಲೆಲ್ಲೂ ಓಡಾಡುತ್ತದೆ. ಕೇಳಲು ಸೊಗಸಾಗಿದೆ, ಗಟ್ಟಿ ಆಧಾರವಿಲ್ಲ. ಆ ಗಿಡದ ತವರು ಮಾತ್ರ ನಮ್ಮ ಪಶ್ಚಿಮ ಘಟ್ಟವೇ. ಕೊಡಗು, ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಮರಗಳ ನೆರಳಿನಡಿ ಬೆಳೆಯುವ ಬೆಳೆ ಅದು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆಯುವ ದೇಶ ಗ್ವಾಟೆಮಾಲ ಎಂಬುದು ಬೇರೆ ಮಾತು.

ಈ ಒಂದು ವಿಷಯದಲ್ಲಿ ನಮ್ಮ ಅಡುಗೆಮನೆಗೆ ಮೇಲುಗೈ ಇದೆ. ಅಲ್ಲಿ ಹೆಚ್ಚಿನವರು ಪುಟ್ಟ ಪೊಟ್ಟಣದ ಪುಡಿಯನ್ನು ಬಳಸುತ್ತಾರೆ, ಅದರ ಘಮ ಅಂಗಡಿಯಲ್ಲೇ ಅರ್ಧ ಹೋಗಿರುತ್ತದೆ. ನಾವು 8ರಿಂದ 10 ಹಸಿರು ಕಾಯಿಗಳ ಸಿಪ್ಪೆ ಬಿಡಿಸಿ, ಕಪ್ಪು ಬೀಜಗಳನ್ನು ಒಂದು ಚಮಚ ಸಕ್ಕರೆಯ ಜೊತೆ ಕುಟ್ಟಾಣಿಯಲ್ಲಿ ಕುಟ್ಟಿದರೆ ಆಯಿತು. ತೀರ ನುಣ್ಣಗೆ ಮಾಡಬೇಡಿ. ತಿನ್ನುವಾಗ ಹಲ್ಲಿಗೆ ಅಲ್ಲೊಂದು ಇಲ್ಲೊಂದು ಬೀಜದ ಚೂರು ಸಿಗುವುದು ದೋಷವಲ್ಲ. ಬರ್ಗೆನ್‌ನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಅಜ್ಜಿಗೆ ಊರಿನಿಂದ ತಂದ ಒಂದು ಹಿಡಿ ಏಲಕ್ಕಿ ಕೊಟ್ಟಿದ್ದೆ. ಆಕೆ ಎಂದಿನ ಚಮಚದ ಲೆಕ್ಕದಲ್ಲೇ ಹಾಕಿಬಿಟ್ಟರು. ಅಂದಿನ ವಾಫಲಿನ ಘಾಟು ಮೂಗಿಗೆ ಏರಿ, ಆಕೆ ಮಾತಿಲ್ಲದೆ ಎದ್ದು ಹೋಗಿ ಇನ್ನಷ್ಟು ಕಾಫಿ ಬಗ್ಗಿಸಿಕೊಂಡು ಬಂದರು. ಮುಂದಿನ ವಾರ ಅರ್ಧ ಚಮಚ ಹಾಕಿ ನಮ್ಮನ್ನು ಮತ್ತೆ ಕರೆದರು.

ಹಾಲಿನ ಬದಲು ಮಜ್ಜಿಗೆ ಹಾಕಬಹುದೇ?

ಹಾಕಬಹುದು. ಎಷ್ಟೋ ಮನೆಗಳಲ್ಲಿ ಅರ್ಧ ಹಾಲು, ಅರ್ಧ ‘ಕುಲ್ತೂರ್‌ಮೆಲ್ಕ್’ ಎಂಬ ಹುಳಿಹಾಲನ್ನು ಹಾಕುವುದೇ ವಾಡಿಕೆ. ಆದರೆ ಅದು ನೀರು ಬೆರೆಸಿದ ನಮ್ಮ ಮಜ್ಜಿಗೆಯಲ್ಲ, ಸುರಿಯುವಷ್ಟು ತೆಳುವಾದ ಮೊಸರು. ನೀರು ಹಾಕದೆ ಕಡೆದ, ತೀರ ಹುಳಿಯಾಗದ ಮನೆ ಮೊಸರನ್ನು ಸ್ವಲ್ಪ ಹಾಲಿನಿಂದ ಸಡಿಲಿಸಿಕೊಂಡರೆ ಅದೇ ಹದ ಬರುತ್ತದೆ. ಹುಳಿ ಸೇರಿದಾಗ ಬೇಕಿಂಗ್ ಪೌಡರಿನ ಜೊತೆ ಕಾಲು ಚಮಚ ಅಡುಗೆ ಸೋಡ ಹಾಕಿದರೆ ವಾಫಲ್ ಇನ್ನಷ್ಟು ಹಗುರಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ ಬರುತ್ತದೆ.

ಮೊಟ್ಟೆ ಇಲ್ಲದೆ ಮಾಡಬಹುದೇ?

ಮಾಡಬಹುದು, ಆದರೆ ರುಚಿ ಬೇರೆಯಾಗಿರುತ್ತದೆ. ಯಾರಿಗೂ ವ್ಯತ್ಯಾಸ ತಿಳಿಯದೆಂದು ಹೇಳಲಾರೆ. ಈ ಹಿಟ್ಟಿನಲ್ಲಿ ಮೊಟ್ಟೆಗೆ ಎರಡು ಕೆಲಸ: ಕಡೆದ ನೊರೆಯಿಂದ ಹಗುರತನ ಕೊಡುವುದು, ಬೆಂದಾಗ ಗಟ್ಟಿಯಾಗಿ ಹಿಟ್ಟನ್ನು ಹಿಡಿದಿಡುವುದು. ಎರಡನ್ನೂ ಬೇರೆ ಕಡೆಯಿಂದ ತಂದುಕೊಳ್ಳಬೇಕು. ನಾಲ್ಕು ಮೊಟ್ಟೆಗೆ ಬದಲಾಗಿ 200 ಗ್ರಾಂ ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಜೋಳದ ಹಿಟ್ಟು ಹಾಕಿ, ಬೇಕಿಂಗ್ ಪೌಡರನ್ನು ಎರಡು ಚಮಚಕ್ಕೆ ಏರಿಸಿ, ಹಾಲನ್ನು 400 ಮಿಲಿಲೀಟರಿಗೆ ಇಳಿಸಿ. ಜೋಳದ ಹಿಟ್ಟೆಂದರೆ ಇಲ್ಲಿ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, ರೊಟ್ಟಿಯ ಜೋಳದ್ದಲ್ಲ. ಈ ಗೊಂದಲದಿಂದ ಒಮ್ಮೆ ನಮ್ಮ ಅತ್ತಿಗೆಯ ಮನೆಯಲ್ಲಿ ವಾಫಲಿನ ಬದಲು ಒಂದು ಬಗೆಯ ಸಿಹಿ ರೊಟ್ಟಿ ತಯಾರಾಗಿತ್ತು. ಮೊಟ್ಟೆ ಇಲ್ಲದ ವಾಫಲ್ ಬೇಗ ಮುರಿಯುತ್ತದೆ, ಆದ್ದರಿಂದ ಅಚ್ಚಿನಲ್ಲಿ ಒಂದು ನಿಮಿಷ ಹೆಚ್ಚು ಬಿಟ್ಟು, ಆತುರಪಡದೆ ಎತ್ತಬೇಕು.

ಹೃದಯಾಕಾರದ ಅಚ್ಚೇ ಬೇಕೇ? ನಾರ್ವೆಯಿಂದ ತಂದ ಅಚ್ಚು ನಮ್ಮಲ್ಲಿ ನಡೆಯುತ್ತದೆಯೇ?

ಆಕಾರಕ್ಕಿಂತ ಆಳ ಮುಖ್ಯ. ಆಳ ಕಡಿಮೆ ಇರುವ ಯಾವ ಅಚ್ಚಿನಲ್ಲಾದರೂ ಈ ಹಿಟ್ಟು ಸರಿಯಾಗಿ ಬೇಯುತ್ತದೆ, ಬೆಲ್ಜಿಯಂ ಮಾದರಿಯ ಆಳದ ಅಚ್ಚಿನಲ್ಲಿ ಒಳಭಾಗ ಹಸಿಹಸಿಯಾಗಿ ಉಳಿಯುತ್ತದೆ. ನಿಮ್ಮಲ್ಲಿ ಅಂಥದ್ದೇ ಇದ್ದರೆ ಗುಳಿಗಳು ಮುಚ್ಚುವಷ್ಟು ಮಾತ್ರ ಹಿಟ್ಟು ಹಾಕಿ.

ವಿದ್ಯುತ್ತಿನ ತೊಂದರೆ ಇಲ್ಲ. ಅಲ್ಲಿಯೂ ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ತೊಂದರೆ ಇರುವುದು ಪ್ಲಗ್ಗಿನಲ್ಲಿ. ಅದರ ಎರಡು ದುಂಡು ಕಡ್ಡಿಗಳು ನಮ್ಮ ಸಾಕೆಟ್ಟಿಗೆ ಹೇಗೋ ತೂರಿಕೊಂಡರೂ, ಅರ್ಥಿಂಗಿನ ಪಟ್ಟಿ ಪ್ಲಗ್ಗಿನ ಪಕ್ಕದಲ್ಲಿರುವುದರಿಂದ ಅದಕ್ಕೆ ಸಂಪರ್ಕ ಸಿಗುವುದಿಲ್ಲ. ಲೋಹದ ಮೈಯ ಬಿಸಿ ಉಪಕರಣವನ್ನು ಅರ್ಥಿಂಗ್ ಇಲ್ಲದೆ ಬಳಸುವುದು ಅಪಾಯ. ಅರ್ಥಿಂಗ್ ಕೊಡುವ ಅಡಾಪ್ಟರ್ ಹಾಕಿ, ಇಲ್ಲವೇ ಎಲೆಕ್ಟ್ರಿಷಿಯನ್ನರಿಂದ ಮೂರು ಕಡ್ಡಿಯ ಪ್ಲಗ್ ಹಾಕಿಸಿಕೊಳ್ಳಿ.

ಹಳೆಯ ಕಾಲದ ಎರಕದ ಕಬ್ಬಿಣದ ಅಚ್ಚು ಸಿಕ್ಕಿದರೆ ಬಿಡಬೇಡಿ. ಸೌದೆ ಒಲೆಯ ಮೇಲೆ ಒಂದು ಬಳೆಯೊಳಗೆ ಕೂತು, ಹಿಡಿ ಹಿಡಿದು ತಿರುಗಿಸಿದರೆ ಬುಡಮೇಲಾಗುವ ಅಚ್ಚು ಅದು. ಗ್ಯಾಸ್ ಒಲೆಯ ಮೇಲೂ ನಡೆಯುತ್ತದೆ. ಹೊಸ ದೋಸೆ ಕಾವಲಿಯನ್ನು ಪಳಗಿಸುವ ಹಾಗೆಯೇ ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಸವರಿ ಪಳಗಿಸಬೇಕು. ಪಳಗಿದ ಮೇಲೆ ಅದಕ್ಕೆ ಸಾಬೂನು ಮುಟ್ಟಿಸಬಾರದು.

ಅಚ್ಚು ಎಷ್ಟು ಕಾಯಬೇಕು? ಬೆಂದದ್ದು ಹೇಗೆ ತಿಳಿಯುತ್ತದೆ?

ಹಸಿರು ದೀಪ ಹತ್ತಿದ ತಕ್ಷಣ ಹಿಟ್ಟು ಸುರಿಯಬೇಡಿ. ಆ ದೀಪ ತಟ್ಟೆಯ ಒಂದು ಮೂಲೆಯ ಕಾವನ್ನಷ್ಟೇ ಹೇಳುತ್ತದೆ. ಇನ್ನೂ ಐದು ನಿಮಿಷ ಬಿಟ್ಟರೆ ಕಾವು ಎಲ್ಲೆಡೆ ಸಮನಾಗುತ್ತದೆ. ಮೊದಲ ಒಂದಕ್ಕೆ ಮಾತ್ರ ಬೆಣ್ಣೆ ಸವರಿ. ಆಮೇಲೆ ಹಿಟ್ಟಿನೊಳಗಿನ ಬೆಣ್ಣೆಯೇ ಸಾಕು. ಸುಮಾರು ಒಂದು ಡೆಸಿಲೀಟರಿನ ಸೌಟಿನಿಂದ ನಡುವಿಗೆ ಹಿಟ್ಟು ಸುರಿದು, ಅಂಚಿನತ್ತ ತುಸು ಹರಡಿ, ಮುಚ್ಚಿ. ಒತ್ತಬೇಡಿ. ಒತ್ತಿದರೆ ಹಿಟ್ಟು ಹೊರಗೆ ಹರಿದು ಬದಿಯಲ್ಲಿ ಕರಕಲಾಗುತ್ತದೆ.

ಗಡಿಯಾರಕ್ಕಿಂತ ಹಬೆಯನ್ನು ನೋಡುವುದು ಮೇಲು. ಮುಚ್ಚಿದ ಕೂಡಲೇ ಬದಿಗಳಿಂದ ಹಬೆ ಭರ್ರೆಂದು ಏಳುತ್ತದೆ, ಎರಡು ಮೂರು ನಿಮಿಷಗಳಲ್ಲಿ ಅದು ಎಳೆಯಾಗುತ್ತದೆ, ಆಗ ತೆರೆಯಬಹುದು. ಮೇಲಿನ ತಟ್ಟೆ ಏಳಲು ತಕರಾರು ಮಾಡಿದರೆ ಇನ್ನೂ ಬೆಂದಿಲ್ಲವೆಂದೇ ಅರ್ಥ. ಬಲವಂತ ಮಾಡಿದರೆ ವಾಫಲ್ ಅಡ್ಡಕ್ಕೆ ಸೀಳಿ ಅರ್ಧ ಮೇಲೆ, ಅರ್ಧ ಕೆಳಗೆ ಉಳಿಯುತ್ತದೆ. ಆಮೇಲೆ ಹಲ್ಲುಕಡ್ಡಿ ಹಿಡಿದು ಒಂದೊಂದು ಗುಳಿಯನ್ನೂ ಕೆರೆಯುತ್ತಾ ಕೂರಬೇಕು. ಎತ್ತಲು ಮರದ ಅಥವಾ ಸಿಲಿಕೋನಿನ ಕಡ್ಡಿ ಬಳಸಿ, ಚಾಕು ಬೇಡ. ಮೊದಲನೆಯದು ಸರಿಯಾಗಿ ಬರದಿದ್ದರೆ ಚಿಂತೆ ಬೇಡ, ಎಲ್ಲರ ಮನೆಯ ದೋಸೆಯೂ ತೂತೇ.

ಮಾಡಿದ ವಾಫಲ್ ಐದು ನಿಮಿಷದಲ್ಲೇ ಮೆತ್ತಗಾಗುತ್ತದೆ. ತಪ್ಪು ಎಲ್ಲಿದೆ?

ತಪ್ಪೇನೂ ಇಲ್ಲ, ಅದು ಹಾಗೆಯೇ ಇರಬೇಕು. ನಾರ್ವೆಯ ಮನೆಗಳಲ್ಲಿ ಸುಟ್ಟದ್ದನ್ನು ಒಂದರ ಮೇಲೊಂದು ತಟ್ಟೆಯಲ್ಲಿ ಪೇರಿಸಿ ಬಟ್ಟೆ ಮುಚ್ಚುತ್ತಾರೆ. ಒಂದರ ಹಬೆ ಇನ್ನೊಂದಕ್ಕೆ ತಾಗಿ ಎಲ್ಲವೂ ಮೃದುವಾಗುತ್ತವೆ, ಆಗಲೇ ಮುರಿಯದೆ ಮಡಚಲು ಬರುವುದು. ಗರಿಯಾದದ್ದೇ ಇಷ್ಟವೆನ್ನುವವರು ತಂತಿಯ ಜಾಲರಿಯ ಮೇಲೆ ಒಂದೊಂದನ್ನೇ ಬಿಡಿಯಾಗಿ ಇಡಲಿ. ಹಾಗೆ ತಿನ್ನುವವರು ಅಲ್ಲಿಯೂ ಇದ್ದಾರೆ. ಆದರೆ ಗರಿಗರಿತನಕ್ಕಾಗಿ ಅಳತೆಯನ್ನೇ ಬದಲಿಸುತ್ತಾ ಹೋದರೆ ಕೊನೆಗೆ ಕೈಗೆ ಬರುವುದು ಬೇರೆ ದೇಶದ ವಾಫಲ್.

ಮೇಲಿಡುವ ಕಂದು ಚೀಸು ಯಾವುದು? ಅದು ನಿಜವಾಗಿಯೂ ಚೀಸೇ?

ಅದರ ಹೆಸರು ‘ಬ್ರೂನೋಸ್ಟ್’. ಪದದ ಅರ್ಥವೇ ಕಂದು ಚೀಸು. ಶಾಸ್ತ್ರ ನೋಡಿದರೆ ಅದನ್ನು ಚೀಸೆನ್ನಲು ಹಿಂಜರಿಯಬೇಕಾಗುತ್ತದೆ, ಏಕೆಂದರೆ ಅದು ಒಡೆದ ಹಾಲಿನ ಗಟ್ಟಿ ಭಾಗದಿಂದಲ್ಲ, ಉಳಿದ ನೀರಿನಿಂದ ಆಗುವಂಥದು. ಆ ನೀರನ್ನು ದೊಡ್ಡ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿ ಇಂಗಿಸಿದರೆ ಅದರಲ್ಲಿರುವ ಹಾಲಿನ ಸಕ್ಕರೆ ಕಂದುತ್ತಾ ಕ್ಯಾರಮೆಲ್ಲಿನ ಬಣ್ಣಕ್ಕೂ ರುಚಿಗೂ ತಿರುಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಬೆಲ್ಲವಾಗುವುದನ್ನು ಕಂಡವರು ಇದನ್ನು ಕಣ್ಣ ಮುಂದೆ ತಂದುಕೊಳ್ಳಬಲ್ಲರು. ಇಳಿಸಿದ ಮೇಲೆ ಆರುವವರೆಗೂ ತಿರುವುತ್ತಲೇ ಇರಬೇಕು, ಇಲ್ಲದಿದ್ದರೆ ಸಕ್ಕರೆ ಹರಳುಗಟ್ಟಿ ಮರಳು ಮರಳಾಗುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವ ಬಗೆಯನ್ನು ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯ ಆನ್ನ ಹೋವ್ ಎಂಬ ರೈತ ಹೆಣ್ಣುಮಗಳು 1863ರಲ್ಲಿ ಮಾಡಿದಳೆಂದು ಹೇಳುತ್ತಾರೆ. ಕುದಿಯುವ ನೀರಿಗೆ ಕೆನೆ ಸೇರಿಸಿದ್ದು ಅವಳ ಜಾಣ್ಮೆ. ಇದನ್ನು ತೆಳ್ಳನೆಯ ಹಾಳೆಯಂತೆ ಹೆರೆಯಲು ನಡುವೆ ಸೀಳಿರುವ ಚಪ್ಪಟೆ ಸಲಕರಣೆಯೊಂದಿದೆ. 1925ರಲ್ಲಿ ಲಿಲ್ಲೆಹಾಮರ್ ಊರಿನ ಬಡಗಿ ಟೋರ್ ಬ್ಯೋರ್ಕ್‌ಲುಂಡ್ ತನ್ನ ಮರದ ಕೀಸುಳಿಯನ್ನು ನೋಡಿ ರೂಪಿಸಿ, ಅದಕ್ಕೆ ಪೇಟೆಂಟನ್ನೂ ಪಡೆದ. ಕೊಬ್ಬೂ ಸಕ್ಕರೆಯೂ ತುಂಬಿರುವ ಈ ಚೀಸು ಎಷ್ಟು ಚೆನ್ನಾಗಿ ಉರಿಯುತ್ತದೆಂಬುದು 2013ರ ಜನವರಿಯಲ್ಲಿ ಜಗತ್ತಿಗೇ ತಿಳಿಯಿತು: ಉತ್ತರ ನಾರ್ವೆಯ ಸುರಂಗವೊಂದರಲ್ಲಿ 27 ಟನ್ ಬ್ರೂನೋಸ್ಟ್ ಹೊತ್ತ ಲಾರಿಗೆ ಬೆಂಕಿ ತಗುಲಿ, ಹಲವು ದಿನ ಆರಲೇ ಇಲ್ಲ.

ಬಿಸಿ ವಾಫಲಿನ ಮೇಲೆ ಒಂದೇ ಒಂದು ತೆಳು ಹಾಳೆ ಇಟ್ಟರೆ ಅದರ ಅಂಚುಗಳು ಮೊದಲು ಹೊಳೆಯತೊಡಗಿ, ಆಮೇಲೆ ಗುಳಿಗಳೊಳಗೆ ಕುಸಿಯುತ್ತವೆ. ಮಡಚಬೇಕಾದ ಗಳಿಗೆ ಅದೇ. ಸಸ್ಯಾಹಾರಿಗಳಿಗೆ ಒಂದು ಮಾತು: ಆ ನೀರು ಬರುವುದು ಚೀಸಿನ ತಯಾರಿಕೆಯಿಂದ, ಹಾಲೊಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಿರಬಹುದು, ಆದ್ದರಿಂದ ಪೊಟ್ಟಣದ ವಿವರ ಓದಿ ಕೊಳ್ಳಿ.

ಬ್ರೂನೋಸ್ಟ್ ಸಿಗದಿದ್ದರೆ ಬದಲಿಗೆ ಏನು?

ರುಚಿಯ ಅಂದಾಜು ಬೇಕಿದ್ದರೆ ಧಾರವಾಡ ಪೇಡೆಯನ್ನು ನೆನೆಯಿರಿ. ಕಂದುವವರೆಗೆ ಹುರಿದ ಖೋವೆಯ ಆ ರುಚಿಯಿಂದ ಸಿಹಿಯನ್ನು ಅರ್ಧ ತೆಗೆದು, ಒಂದು ಚಿಟಿಕೆ ಉಪ್ಪನ್ನೂ ತುಸು ಹುಳಿಯನ್ನೂ ಸೇರಿಸಿದರೆ ಹತ್ತಿರ ಬರುತ್ತದೆ. ಪೇಡೆಯನ್ನೇ ವಾಫಲಿನ ಮೇಲೆ ಪುಡಿ ಮಾಡಿ ಉದುರಿಸಿ ನೋಡಿದ್ದೇನೆ; ಚೆನ್ನಾಗಿತ್ತು, ಆದರೆ ಅದು ಪೇಡೆಯೇ ಆಗಿತ್ತು.

ಮನೆಯಲ್ಲೇ ಮಾಡುವ ಹುಮ್ಮಸ್ಸಿದ್ದರೆ ಪನೀರು ಮಾಡಿ ಉಳಿದ ನೀರನ್ನು ಚೆಲ್ಲದೆ ಬಳಸಬಹುದು. ಒಂದೂವರೆ ಲೀಟರ್ ನೀರಿನಿಂದ ಕೊನೆಗೆ ಸಿಗುವುದು ನೂರು ಗ್ರಾಮಿನ ಆಸುಪಾಸು ಮಾತ್ರ, ಅದಕ್ಕೆ ಎರಡು ಮೂರು ಗಂಟೆಯ ಗ್ಯಾಸು ಖರ್ಚಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ನಿಂಬೆರಸದಿಂದ ಒಡೆದ ನೀರು ಇಂಗಿದಂತೆಲ್ಲ ಹುಳಿ ಏರುತ್ತದೆ, ಹಾಗಾಗಿ ನಿಂಬೆಯನ್ನು ಆದಷ್ಟು ಕಡಿಮೆ ಹಿಂಡಬೇಕು. ಕಾಲು ಭಾಗಕ್ಕೆ ಇಳಿದ ಮೇಲೆ ಅರ್ಧ ಬಟ್ಟಲು ಕೆನೆ ಸೇರಿಸಿ, ತಳ ಹಿಡಿಯದಂತೆ ತಿರುವುತ್ತಾ ಇರಿ. ಹೆರೆಯುವಷ್ಟು ಗಟ್ಟಿಯಾಗದೆ ಹೋದರೂ ಹಚ್ಚಿಕೊಳ್ಳುವ ಹದಕ್ಕಂತೂ ಬರುತ್ತದೆ. ನಾರ್ವೆಯಲ್ಲಿ ಆ ಹದಕ್ಕೂ ಒಂದು ಹೆಸರಿದೆ, ‘ಪ್ರಿಮ್’.

ಜಾಮ್, ಹುಳಿಕೆನೆ, ಬ್ರೂನೋಸ್ಟ್: ಮೂರನ್ನೂ ಒಟ್ಟಿಗೆ ಹಾಕುತ್ತಾರೆಯೇ?

ಸ್ಟ್ರಾಬೆರಿ ಅಥವಾ ರಾಸ್‌ಬೆರಿ ಜಾಮ್ ಮತ್ತು ‘ರೊಮ್ಮೆ’ ಎಂಬ ಹುಳಿಕೆನೆ ಒಂದು ಜೋಡಿ. ಬ್ರೂನೋಸ್ಟ್ ಒಂಟಿ, ಬೇಕಾದರೆ ಬೆಣ್ಣೆಯ ಜೊತೆ. ಬ್ರೂನೋಸ್ಟಿನ ಮೇಲೆ ಜಾಮ್ ಹಾಕಬಹುದೇ ಎಂಬುದರ ಮೇಲೆ ಒಂದೇ ಮನೆಯೊಳಗೂ ಎರಡು ಪಕ್ಷಗಳಿರುತ್ತವೆ. ನನ್ನದು ಹಾಕುವ ಪಕ್ಷ. ರೊಮ್ಮೆಗೆ ಬದಲಾಗಿ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿಗೆ ಅಷ್ಟೇ ಕೆನೆ ಬೆರೆಸಿ ಬಳಸಿ. ಜಾಮ್ ಅಂಗಡಿಯದಾದರೆ ಬಹಳ ಸಿಹಿ ಎನಿಸುತ್ತದೆ. ಅಲ್ಲಿನವರು ಹಣ್ಣಿನ ಕಾಲದಲ್ಲಿ ಬೇಯಿಸದೆಯೇ ಹಸಿ ಹಣ್ಣನ್ನು ಸಕ್ಕರೆಯೊಡನೆ ಕಿವುಚಿ ಇಟ್ಟುಕೊಳ್ಳುತ್ತಾರೆ, ಮಹಾಬಲೇಶ್ವರದ ಸ್ಟ್ರಾಬೆರಿ ಬರುವ ತಿಂಗಳುಗಳಲ್ಲಿ ಅದು ಇಲ್ಲಿಯೂ ಸುಲಭ.

ಇದರಲ್ಲಿ ಬೇರೆ ಬಗೆಗಳು ಇವೆಯೇ?

ಇವೆ. ಓಟ್ಸ್ ಪುಡಿ ಅಥವಾ ಬಾರ್ಲಿ ಹಿಟ್ಟು ಬೆರೆಸಿದ್ದು, ಹಾಲಿನ ಬದಲು ಹುಳಿಕೆನೆಯೇ ಹೆಚ್ಚಾಗಿರುವುದು, ಹೀಗೆ. ನನಗೆ ಹೆಚ್ಚು ಹಿಡಿಸಿದ್ದು ಉಳಿದ ಅನ್ನದ ಗಂಜಿಯದು. ಶನಿವಾರ ಹಾಲಿನಲ್ಲಿ ಬೇಯಿಸಿದ ಅಕ್ಕಿ ಗಂಜಿ ಉಂಡು, ಮಿಕ್ಕಿದ್ದನ್ನು ಮರುದಿನ ಮೊಟ್ಟೆ, ಮೈದಾಗಳ ಜೊತೆ ಕಲಸಿ ವಾಫಲ್ ಸುಡುತ್ತಾರೆ. ನಮ್ಮಲ್ಲಿ ಉಳಿದ ಅನ್ನವನ್ನು ದೋಸೆಗೆ ರುಬ್ಬುವ ಲೆಕ್ಕಾಚಾರವೇ ಇದು. ದೇಶದ ಆಗ್ನೇಯದ ಫ್ರೆಡ್ರಿಕ್‌ಸ್ಟಾಡ್ ಕಡೆ ಬೇಯಿಸಿದ ಸಾಸೇಜನ್ನು ವಾಫಲಿನೊಳಗೆ ಸುತ್ತಿ ತಿನ್ನುತ್ತಾರೆ. ಪಶ್ಚಿಮ ಕರಾವಳಿಯ ಮೋರೆ ಮತ್ತು ರೋಮ್ಸ್‌ಡಾಲ್ ಪ್ರಾಂತದ ದೋಣಿಗಳಲ್ಲಿ ಸಿಗುವ ‘ಸ್ವೇಲೆ’ ಮಾತ್ರ ವಾಫಲ್ ಅಲ್ಲ. ಅದು ಕಾವಲಿಯ ಮೇಲೆ ಹುಯ್ಯುವ ದಪ್ಪ ಸಿಹಿ ದೋಸೆ.

ಮಾರ್ಚ್ 25ರ ವಾಫಲ್ ದಿನ ನಾರ್ವೆಯ ಹಬ್ಬವೇ?

ಮೂಲ ಸ್ವೀಡನ್ನಿನದು. ಕ್ರಿಸ್‌ಮಸ್ಸಿಗೆ ಸರಿಯಾಗಿ ಒಂಬತ್ತು ತಿಂಗಳು ಮೊದಲು ಬರುವ, ಮರಿಯಮ್ಮನವರಿಗೆ ದೇವದೂತ ಶುಭವಾರ್ತೆ ತಂದ ದಿನವನ್ನು ಸ್ವೀಡಿಷ್ ಭಾಷೆಯಲ್ಲಿ ‘ವೋರ್‌ಫ್ರುಡಾಗೆನ್’ ಎನ್ನುತ್ತಾರೆ. ಬಾಯಿಂದ ಬಾಯಿಗೆ ಸವೆದು ಅದು ‘ವೊಫೆಲ್‌ಡಾಗೆನ್’, ಅಂದರೆ ವಾಫಲ್ ದಿನ ಎಂದು ಕೇಳಿಸತೊಡಗಿತು, ಜನ ವಾಫಲ್ ತಿನ್ನತೊಡಗಿದರು. ಈಗ ನಾರ್ವೆಯವರೂ ಆಚರಿಸುತ್ತಾರೆ.

ಉಳಿದದ್ದನ್ನು ಎಷ್ಟು ದಿನ ಇಡಬಹುದು?

ಹಿಟ್ಟನ್ನು ಫ್ರಿಜ್ಜಿನಲ್ಲಿ ಒಂದು ದಿನ. ಸುಟ್ಟ ವಾಫಲನ್ನು ನಡುನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿನಲ್ಲಿ ಒಂದು ತಿಂಗಳು. ತೆಗೆದು ನೇರವಾಗಿ ಟೋಸ್ಟರಿಗೆ ಹಾಕಿ. ಮೈಕ್ರೋವೇವಿನಲ್ಲಿ ತೊಗಲಿನಂತಾಗುತ್ತದೆ.

ಐವತ್ತು ಜನರಿಗೆ ಮಾಡಬೇಕಾದರೆ?

ಒಬ್ಬರಿಗೆ ಎರಡರಂತೆ ಹಿಡಿದರೆ ನೂರು ವಾಫಲ್, ಅಂದರೆ ಮೇಲಿನ ಅಳತೆಯ ಒಂಬತ್ತು ಪಟ್ಟು. ಒಂದಕ್ಕೆ ಮೂರು ನಿಮಿಷ ಹಿಡಿದರೂ ಒಂದೇ ಅಚ್ಚಿನಲ್ಲಿ ಐದು ಗಂಟೆ ಆಗುತ್ತದೆ, ಆದ್ದರಿಂದ ಎರಡು ಅಚ್ಚು, ಎರಡು ಜೊತೆ ಕೈ ಬೇಕು. ಅರ್ಧದಷ್ಟನ್ನು ಮುಂಚೆಯೇ ಮನೆಯಲ್ಲಿ ಸುಟ್ಟು ಬಟ್ಟೆ ಮುಚ್ಚಿ ಒಯ್ಯಿರಿ. ಉಳಿದ ಹಿಟ್ಟನ್ನು ದೊಡ್ಡ ಜಗ್ಗುಗಳಲ್ಲಿ ತುಂಬಿಟ್ಟರೆ ಸುರಿಯುವುದು ಸುಲಭ. ಹೊತ್ತು ಕಳೆದಂತೆ ಅದು ದಪ್ಪವಾಗುತ್ತದೆ, ಆಗಾಗ ಒಂದೊಂದು ಚಮಚ ಹಾಲಿನಿಂದ ಸಡಿಲಿಸುತ್ತಿರಿ. ಇನ್ನು ವಿದ್ಯುತ್ತಿನ ಲೆಕ್ಕ. ಸಾವಿರ ವಾಟಿನ ಎರಡು ಅಚ್ಚುಗಳು ಸೇರಿ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತವೆ. ಬರ್ಗೆನ್‌ನಲ್ಲಿ ನಾವು ಕೆಲವು ಕನ್ನಡ ಕುಟುಂಬಗಳು ಬಾಡಿಗೆ ಸಭಾಂಗಣವೊಂದರಲ್ಲಿ ಯುಗಾದಿಗೆ ಸೇರಿದ್ದಾಗ, ಹತ್ತು ಆಂಪಿಯರಿನ ಒಂದೇ ಲೈನಿಗೆ ಎರಡು ಅಚ್ಚನ್ನೂ ಚುಚ್ಚಿದ್ದೆವು. ನಲವತ್ತು ವಾಫಲ್ ಆಗುವವರೆಗೆ ಏನೂ ಆಗಲಿಲ್ಲ. ಆಮೇಲೆ ಯಾರೋ ಪುಣ್ಯಾತ್ಮರು ಪಕ್ಕದ ಸಾಕೆಟ್ಟಿನಲ್ಲಿ ಕಾಫಿ ಯಂತ್ರವನ್ನು ಹಾಕಿದರು, ವೇದಿಕೆಯ ಮೇಲೆ ಹಾಡುತ್ತಿದ್ದ ಮಗುವಿನ ಮೈಕೂ ಸೇರಿ ಎಲ್ಲ ಆರಿಹೋಯಿತು. ಕಾಫಿಯನ್ನು ಬೇರೆ ಲೈನಿನ ಸಾಕೆಟ್ಟಿನಲ್ಲಿ ಇಡಿ.